ಅಮ್ಮ ಆಡಿದ ಮುಖ

ದೇವನೂರಿನ ಶಿವಮಲ್ಲಪ್ಪನ ಮನೆಯಲ್ಲಿ ಚನ್ನಬಸಮ್ಮ ರಾಗಿಕಲ್ಲಿನ ಗೂಟ ಹಿಡಿದಳೆಂದರೆ ಬೆಳಗಾಯಿತೆಂದು ಅರ್ಥ. ಆ ಸದ್ದಿಗೆ ಮನೆಯವರು ಮಗ್ಗುಲು ಬದಲಾಯಿಸಿ ಇನ್ನೊಂದು ನಿದ್ದೆ ತೆಗೆಯುತ್ತಿದ್ದರು. ಅವಳು ಶಿವಮಲ್ಲಪ್ಪನ ಅಕ್ಕ. ಚಿಕ್ಕಂದಿನಲ್ಲಿ ಸಿಡುಬು ಬಂದು ಬದುಕಿಕೊಂಡವಳು. ಅಮ್ಮ ಬಂದು ಆಡಿಹೋದಳು ಎನ್ನುತ್ತಿದ್ದರು ಊರಿನವರು. ಆಡಿದ್ದು ಮುಖದ ಮೇಲೆ. ಹಣೆ, ಕೆನ್ನೆ, ಮೂಗಿನ ತುದಿ, ತುಟಿಯ ಅಂಚು ಯಾವುದನ್ನೂ ಬಿಡದೆ ಗುಳಿ ಬಿದ್ದಿದ್ದವು. ಎಡಗಣ್ಣಿನಲ್ಲಿ ಹೂ ಕೂತು ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಅವಳನ್ನು ನೋಡಲು ಯಾವ ಗಂಡೂ ಬರಲಿಲ್ಲ. ಬರಲೆಂದು ಮನೆಯವರು ಕಾಯಲೂ ಇಲ್ಲ. ತಂದೆತಾಯಿ ಹೋದ ಮೇಲೆ ಅವಳು ತಮ್ಮನ ಮನೆಯಲ್ಲೇ ಉಳಿದಳು.

ಉಳಿದಳು ಎನ್ನುವುದು ಊರಿನವರ ಮಾತು. ಬೀಸುವುದು, ಕುಟ್ಟುವುದು, ಕೊಟ್ಟಿಗೆ ಬಾಚುವುದು, ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸುವುದು, ತಮ್ಮನ ಹೆಂಡತಿಯ ಬಾಣಂತನಗಳು, ಆ ಮಕ್ಕಳ ಹೇಲು ಉಚ್ಚೆ, ಹೊಲದವರಿಗೆ ಬುತ್ತಿ. ಇವಿಷ್ಟಕ್ಕೂ ಸೇರಿ ಅವರಿಗಿದ್ದದ್ದು ಆ ಒಂದೇ ಪದ. “ನಮ್ಮಕ್ಕನ್ನ ನಾವು ಕೈ ಬಿಟ್ಟಿಲ್ಲ ಕಣಪ್ಪ, ಕೂರುಸ್ಕೊಂಡು ಸಾಕ್ತಾ ಇವ್ನಿ” ಎಂದು ಶಿವಮಲ್ಲಪ್ಪ ನೆಂಟರಿಗೆ ಹೇಳುತ್ತಿದ್ದ. ಅವಳು ಕೂತದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಎಪ್ಪತ್ತೊಂದರ ಕೊನೆಯಲ್ಲಿ, ನಂಜನಗೂಡಿನಿಂದ ದಾಕು ಹಾಕುವವರು ದೇವನೂರಿಗೆ ಬಂದರು. ತೋಳಿಗೆ ಎರಡು ಮೊನೆಯ ಸೂಜಿ ಚುಚ್ಚಿ ಸಿಡುಬಿನ ಲಸಿಕೆ ಇಳಿಸುವುದಕ್ಕೆ ಆ ಕಡೆ ದಾಕು ಎಂದೇ ಹೆಸರು. ಬಂದವರಿಗೆಲ್ಲ ಮುಖ್ಯಸ್ಥ ಹೆಲ್ತ್ ಇನ್‌ಸ್ಪೆಕ್ಟರ್ ಅನಂತಪದ್ಮನಾಭ. ನಂಜನಗೂಡಿನ ಅಗ್ರಹಾರದವನು, ಛತ್ರಿ ಬಿಟ್ಟು ಹೊರಡದವನು. ಅವನು ಬೀದಿಯುದ್ದಕ್ಕೂ ಕೂಗಿದ. ಗಂಡಸರು ಜಗಲಿಯಲ್ಲಿ ತೋಳು ಚಾಚಿದರು. ಹೆಂಗಸರ ಬಾಗಿಲುಗಳು ಮುಚ್ಚಿಕೊಂಡವು. ನೀರಿನ ಬಿಂದಿಗೆ ಹೊತ್ತು ಬರುತ್ತಿದ್ದ ಚನ್ನಬಸಮ್ಮನಿಗೆ ನಗು ಬಂತು.

“ಮುಂಬಾಗ್ಲಲ್ಲಿ ನಿಂತ್ಕಂಡು ಕೂಗಿದ್ರೆ ಯಾರು ಬಂದಾರು ಸಾ? ಇತ್ಲಿಗೆ ಓಗಿ. ಈ ಒತ್ನಲ್ಲಿ ಎಂಗುಸ್ರೆಲ್ಲ ಪಾತ್ರೆ ಬೆಳಗ್ತಾ ಇರ್ತಾರೆ.”

“ನಾನು ಹಿತ್ತಲಿಗೆ ಹೋದರೆ ಪಾತ್ರೆಯಲ್ಲೇ ಹೊಡೀತಾರೆ ತಾಯಿ,” ಎಂದ ಅನಂತಪದ್ಮನಾಭ. ಆಮೇಲೆ ಅವಳ ಮುಖ ನೋಡಿದ. ಎಲ್ಲರೂ ನೋಡಿ ಕಣ್ಣು ತೆಗೆಯುವ ಹಾಗೆ ಅವನು ತೆಗೆಯಲಿಲ್ಲ. “ನೀವು ಜೊತೆಗೆ ಬರ್ತೀರಾ?”

ಬಂದಳು. ಬಿಂದಿಗೆ ಇಳಿಸಿ ಹಿತ್ತಲ ಬೇಲಿ ದಾಟಿ ಒಂದೊಂದೇ ಮನೆಯೊಳಕ್ಕೆ ಹೋದಳು. ಮಾತು ಬೇಕಾಗಲಿಲ್ಲ. “ಇಂಗಾಗ್ಬೇಕಾ ನಿಂಗೆ?” ಎಂದು ಮುಖ ಮುಂದೆ ಮಾಡಿದರೆ ಸಾಕು, ಹೆಂಗಸರು ಸೆರಗು ಸರಿಸಿ ತೋಳು ಕೊಡುತ್ತಿದ್ದರು.

ಮರುವಾರ ಅನಂತಪದ್ಮನಾಭ ತಿರುಗಿ ಬಂದ. ತಾತ್ಕಾಲಿಕ ಕೆಲಸ, ಸಿಡುಬು ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ, ಅಂಥ ಹೆಂಗಸೊಬ್ಬರು ಬೇಕು ಎಂದ. ಶಿವಮಲ್ಲಪ್ಪ ಮೊದಲು ಕೇಳಿದ್ದು, “ಮತ್ತೆ ಮನೆ ಗೇಮೆ ಯಾರು ಮಾಡಾದು ಸಾ?” ಎಂದು. ಸಂಬಳದ ಮಾತು ಬಂದ ಮೇಲೆ ಸುಮ್ಮನಾದ.

ಹೀಗೆ ಮೂವತ್ತು ದಾಟಿದ ಹೆಂಗಸೊಬ್ಬಳು ಮೊದಲ ಬಾರಿಗೆ ಬಸ್ಸಿನಲ್ಲಿ ಒಬ್ಬಳೇ ಕೂತಳು. ಬೆಳಗಿನ ಬಸ್ಸು ತಪ್ಪುತ್ತದೆಂಬ ನೆವದಲ್ಲಿ ನಂಜನಗೂಡಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಮೊದಲ ಸಂಜೆ ಒಲೆ ಹಚ್ಚಿ ಎಸರಿಟ್ಟು, ಅಭ್ಯಾಸದಂತೆ ಹಿಟ್ಟು ಸುರಿದು ತಿರುವಿ ಇಳಿಸಿದಾಗ ಮಡಕೆ ತುಂಬ ಮುದ್ದೆ. ಒಂದು ಸಂಸಾರಕ್ಕಾಗುವಷ್ಟು. ಒಬ್ಬಳಿಗೆ ಎಷ್ಟು ಹಿಟ್ಟು ಬೇಕೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಮಡಕೆಯ ಮುಂದೆ ಕೂತು ಒಬ್ಬಳೇ ನಕ್ಕಳು, ಹಾಗೇ ಸ್ವಲ್ಪ ಹೊತ್ತು ಅತ್ತಳು. ಮಿಕ್ಕ ಮುದ್ದೆಯನ್ನು ಪಕ್ಕದ ಮನೆಯ ಹಸುವಿಗೆ ಹಾಕಿ ಬಂದಳು.

ಕೆಲಸದಲ್ಲಿ ಅವಳಿಗೆ ತನ್ನದೇ ಒಂದು ದಾರಿ ಇತ್ತು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಎಣ್ಣೆ ಕಾಯಬಾರದು, ಸಾಸಿವೆ ಸಿಡಿಯಬಾರದು, ಅಮ್ಮನಿಗೆ ಉರಿಯಾಗುತ್ತದೆ. ಜಗಲಿಯ ಗಂಡಸು ಎಷ್ಟು ಸುಳ್ಳು ಹೇಳಿದರೂ ಅಡುಗೆಮನೆ ಸುಳ್ಳು ಹೇಳುವುದಿಲ್ಲ. ಅವಳು ಹೊತ್ತೇರಿದ ಮೇಲೆ, ಊರಿನ ಒಲೆಗಳೆಲ್ಲ ಉರಿಯುವಾಗ, ಹಿತ್ತಲುಗಳ ಹಿಂದಿನಿಂದ ನಡೆದು ಹೋಗುತ್ತಿದ್ದಳು. ಯಾವ ಹೊಗೆಗೆ ಘಾಟಿಲ್ಲವೋ ಆ ಬೇಲಿಯ ಹತ್ತಿರ ನಿಲ್ಲುತ್ತಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಅಡುಗೆಮನೆಯಲ್ಲಿ ಬದುಕು ಕಳೆದ ಯಾವ ಹೆಂಗಸಿಗಾದರೂ ಹೊಳೆಯುವ ಸಂಗತಿ ಅದು.

ಎಪ್ಪತ್ತೆರಡರ ಬೇಸಗೆಯಲ್ಲಿ ಟಿ. ನರಸೀಪುರದ ಕಡೆ, ಹೆಮ್ಮಿಗೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಅವಳು ಅಂಥ ಬೇಲಿಯ ಹತ್ತಿರ ನಿಂತಳು. ಮನೆಯ ಯಜಮಾನ ರಾಚಯ್ಯ ಮುಂದಿನ ಜಗಲಿಯಲ್ಲಿ ಕೂತು ಅನಂತಪದ್ಮನಾಭನಿಗೆ, “ನಮ್ಮನೇಲಿ ಯಾರ್ಗೂ ಏನೂ ಇಲ್ಲ, ಮುಂದ್ಕೋಗಿ ಸಾ” ಎನ್ನುತ್ತಿದ್ದದ್ದು ಇತ್ತ ಕೇಳುತ್ತಿತ್ತು. ಹಿತ್ತಲ ಬಾಗಿಲಲ್ಲಿ ರಾಚಯ್ಯನ ಹೆಂಡತಿ ಚಿಕ್ಕಬಸಮ್ಮ ತಲೆ ಬಾಚದೆ, ಒದ್ದೆ ಬೇವಿನ ಸೊಪ್ಪು ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಯಾರ್ಗವ್ವ?”

“ದೊಡ್ಡ ಮಗೀಗೆ,” ಎಂದು ಚಿಕ್ಕಬಸಮ್ಮ ಕುಸಿದು ಕೂತಳು. “ವೀಳ್ಯ ಆಗಿತ್ತು ಕಣಕ್ಕ. ಶ್ರಾವಣ್ದಲ್ಲಿ ಮದ್ವೆ.”

ಒಳಕೋಣೆಯಲ್ಲಿ ಬಾಳೆಯೆಲೆ ಹಾಸಿ ಮಲಗಿಸಿದ್ದ ಹುಡುಗಿಯ ಹೆಸರು ಸರ್ವಮಂಗಳಾ, ಮನೆಯವರ ಬಾಯಲ್ಲಿ ಮಂಗಳಿ. ಹದಿನಾರು ವರ್ಷ. ಮೈಮೇಲೆ ಬೆರಳಿಡಲು ಜಾಗವಿರಲಿಲ್ಲ. ತಾಂಡವಪುರದ ಚಲುವಮ್ಮನ ಮಗ ಬೆಟ್ಟಸ್ವಾಮಿಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು.

ತೋಟದ ಗುಡಿಸಲಿಗೆ ಹುಡುಗಿಯನ್ನು ಸಾಗಿಸಿದರು. ಊರಿನವರಿಗೆಲ್ಲ ದಾಕು ಹಾಕಿ ಆಯಿತು. ತೋಟದ ಬಾಗಿಲಲ್ಲಿ ಯಾರೂ ಒಳಗೆ ಹೋಗದಂತೆ ಕಾಯಲು ದೊಣ್ಣೆ ಹಿಡಿದ ಒಬ್ಬ ಗಂಡಸನ್ನು ದಿನಗೂಲಿಗೆ ನೇಮಿಸಿದರು. ಒಳಗೆ ಹುಡುಗಿಯನ್ನು ನೋಡಿಕೊಳ್ಳಲು ಯಾರನ್ನೂ ನೇಮಿಸಲಿಲ್ಲ. ಚನ್ನಬಸಮ್ಮ ಹೇಗೂ ಇದ್ದಾಳಲ್ಲ ಎಂದುಕೊಂಡರು. ಅವಳಿಗೂ ಅದು ವಿಚಿತ್ರವೆನಿಸಲಿಲ್ಲ. ಎಲೆ ಬದಲಾಯಿಸುವುದೇ ಒಂದು ದೊಡ್ಡ ಕೆಲಸ. ಕೀವಿಗೆ ಎಲೆ ಅಂಟಿಕೊಳ್ಳುತ್ತದೆ. ಎಳೆದರೆ ಚರ್ಮ ಬರುತ್ತದೆ. ಎಣ್ಣೆ ಸವರಿದ ಹೊಸ ಎಲೆಯನ್ನು ಪಕ್ಕಕ್ಕಿಟ್ಟು, ಹುಡುಗಿಯನ್ನು ಎರಡೂ ಅಂಗೈಯಲ್ಲಿ ಅಷ್ಟಷ್ಟೇ ಹೊರಳಿಸಿ, ಹಳೆಯದನ್ನು ನೀರು ಚಿಮುಕಿಸಿ ಬಿಡಿಸಬೇಕು. ಮುಗಿಯುವಷ್ಟರಲ್ಲಿ ಇಬ್ಬರೂ ಬೆವರಿರುತ್ತಿದ್ದರು. ಅಂಬಲಿಯನ್ನು ಬಟ್ಟೆಯ ತುದಿಯಲ್ಲಿ ಅದ್ದಿ ತುಟಿಗೆ ಹಿಂಡುತ್ತಿದ್ದಳು. ರೆಪ್ಪೆ ಅಂಟಿಕೊಳ್ಳದಂತೆ ಗಳಿಗೆಗೊಮ್ಮೆ ಕಣ್ಣು ತೊಳೆಯುತ್ತಿದ್ದಳು. ತನ್ನ ಕಣ್ಣಿಗೆ ಯಾರೂ ಹಾಗೆ ಮಾಡಿರಲಿಲ್ಲವೆಂದು ತೊಳೆಯುವಾಗಲೆಲ್ಲ ನೆನಪಾಗುತ್ತಿತ್ತು.

ಊಟದ ಗಂಟು ತರುವ ಚಿಕ್ಕಬಸಮ್ಮ ಬೇಲಿಯಾಚೆ ನಿಂತು ಮಾತಾಡಿಸುತ್ತಿದ್ದಳು. ಒಂದು ದಿನ ತಾನಾಗಿ ಬಾಯಿ ಬಿಟ್ಟಳು.

“ಓದ್ವರ್ಸ ದಾಕಿನೋರು ಬಂದಿದ್ರು ಕಣಕ್ಕ. ಗಂಡಿನ ಕಡೆಯೋರು ನೋಡಕೆ ಬರೋ ಕಾಲ. ದಾಕು ಹಾಕ್ಸಿದ್ರೆ ತೋಳ್ ಮ್ಯಾಲೆ ಗುರ್ತು ಬಿದ್ದದು, ಬಳೆ ತೊಡುಸ್ವಾಗ ನಾಕು ಜನ ನೋಡ್ತಾರೆ ಅಂತ ನಾನೇ ಅವಳ್ನ ಅಟ್ಟಕ್ಕತ್ತಿಸಿ ಏಣಿ ತೆಗೆದ್ಬುಟ್ಟೆ. ಚಿಕ್ಕೋಳಿಗೆ ಹಾಕ್ಸ್ದೆ. ಅವ್ಳು ಇನ್ನೂ ಕೂಸು ಅಂತ.”

ಚನ್ನಬಸಮ್ಮ ಬೇಲಿಯ ಮೇಲಿಂದ ಗಂಟು ಇಸಿದುಕೊಂಡಳು. ಹೆಣ್ಣಿನ ಮೈಯನ್ನು ಸಂತೆಯ ಸರಕಿನ ಹಾಗೆ ಕಾಯುವುದು ತಾಯಂದಿರಿಗೆ ಹಚ್ಚಿದ ಕೆಲಸ. ಚಿಕ್ಕಬಸಮ್ಮ ಆ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಳು.

ಹುಡುಗಿ ಬದುಕಿತು. ಕಣ್ಣೆರಡೂ ಉಳಿದವು. ಹಕ್ಕಳೆ ಉದುರುವ ಹೊತ್ತಿಗೆ ಅದು ಕನ್ನಡಿ ಕೇಳಿತು. ಚನ್ನಬಸಮ್ಮ ಕನ್ನಡಿ ಇಲ್ಲವೆಂದಳು. ನೀರು ಕೊಡುವಾಗ ಹೊಳೆಯುವ ಚೊಂಬಿನ ಬದಲು ಸೋರೆಬುರುಡೆಯಲ್ಲಿ ಕೊಟ್ಟಳು. ಹುಡುಗಿ ಆಮೇಲೆ ಕೇಳಲಿಲ್ಲ. ಚನ್ನಬಸಮ್ಮನ ಮುಖವನ್ನೇ ನೋಡುತ್ತ ಕೂತಿತು.

“ದಾಕಿನಕ್ಕ, ನಂದೂ ನಿಮ್ಮಂಗೇ ಆಯ್ತದಾ?”

“ಆದ್ರೇನವ್ವ? ನಾನು ಬದುಕಿಲ್ವಾ? ಬಸ್ಸತ್ತಿ ಊರೂರು ತಿರುಗ್ತಿಲ್ವಾ? ನನ್ ಮುದ್ದೆ ನಾನು ಬೇಯ್ಸ್ಕೊಂಡು ಉಣ್ತಿಲ್ವಾ?”

“ನಂಗೆ ನಿಮ್ಮಂಗೆ ಆಗಾದು ಬ್ಯಾಡ,” ಎಂದು ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿತು.

ಆ ಮಾತು ಚನ್ನಬಸಮ್ಮನಿಗೆ ನೋಯಲಿಲ್ಲ ಎಂದರೆ ಸುಳ್ಳು. ಆದರೆ ಅಂದೇ ಅವಳು ಮನಸ್ಸಿನಲ್ಲಿ ಒಂದನ್ನು ನಿಶ್ಚಯ ಮಾಡಿಕೊಂಡಳು. ಈ ಹುಡುಗಿ ಯಾರದೋ ಮನೆಯ ಹಿತ್ತಲಲ್ಲಿ ಸವೆಯಬಾರದು. ತನಗೆ ಬಾಗಿಲು ತೆರೆದಾಗ ಅರ್ಧ ಆಯಸ್ಸು ಕಳೆದಿತ್ತು. ಇವಳಿಗೆ ಈಗಲೇ ತೆರೆಯಬೇಕು.

ಹುಡುಗಿಯನ್ನು ಮನೆಗೆ ಬಿಟ್ಟು ಹೊರಡುವ ದಿನ ರಾಚಯ್ಯನ ಮುಂದೆಯೇ ಕೇಳಿದಳು. “ನನ್ ಜೊತೆ ಕಳುಸ್ಕೊಡಿ. ಇವಳ್ಗೆ ಇನ್ನು ಅದು ಬರಾಕಿಲ್ಲ. ಸರ್ಕಾರದೋರ್ಗೆ ನಮ್ಮಂತೋರೇ ಬೇಕು. ಸಂಬ್ಳ ಕೊಡ್ತಾರೆ, ಮರ್ಯಾದೇಲಿ ಇರ್ತಾಳೆ.”

ರಾಚಯ್ಯ ನೆಲ ನೋಡಿಕೊಂಡು, “ನಮ್ಮ ಮನೆ ಮಗು ಕಂಡೋರ ಮನೆ ರೋಗ ಬಾಚ್ಬೇಕಾ?” ಎಂದ. ಚಿಕ್ಕಬಸಮ್ಮ, “ಇರ್ಲಿ ಬುಡಕ್ಕ, ನನ್ ಕೈಗೊಂದಾಸರೆ ಆಯ್ತಾಳೆ” ಎಂದಳು. ಮಂಗಳಿ ಒಳಬಾಗಿಲ ಹತ್ತಿರ ನಿಂತು, ಅತ್ತಲೂ ಇತ್ತಲೂ ನೋಡದೆ, ಅಕ್ಕಿ ಆರಿಸುತ್ತಿದ್ದಳು. ತೋಟದಿಂದ ಬಂದ ಮೇಲೆ ಅವಳ ಕೈಗೆ ಮೊದಲು ಕೊಟ್ಟದ್ದು ಆ ಮೊರವನ್ನೇ.

ಮದುವೆಯೇನೋ ನಿಲ್ಲಲಿಲ್ಲ. ತಾಂಡವಪುರದಿಂದ ಚಲುವಮ್ಮ ಬಂದು, ಕೊಟ್ಟ ಮಾತು ಕೊಟ್ಟದ್ದೇ, ಮನೆತನ ಒಳ್ಳೆಯದು ಎಂದು ಚಿಕ್ಕ ಹುಡುಗಿಯನ್ನು ಕೇಳಿದಳು. ಅವಳು ದೊಡ್ಡವಳಾಗುವವರೆಗೆ ಕಾದರು. ಎಪ್ಪತ್ತೈದರಲ್ಲಿ, ಅಕ್ಕನಿಗೆಂದು ತಂದಿಟ್ಟಿದ್ದ ಸೀರೆಯನ್ನೇ ಉಡಿಸಿ ತಂಗಿಯನ್ನು ಬೆಟ್ಟಸ್ವಾಮಿಗೆ ಧಾರೆ ಎರೆದರು. ಬಂದವರಿಗೆ ಅಡುಗೆ ಮಾಡಿದವರಲ್ಲಿ ಮಂಗಳಿಯೂ ಇದ್ದಳು. ವರ್ಷದೊಳಗೆ ತಂಗಿ ಬಸುರಿಯಾದಳು. ಬಾಣಂತನಕ್ಕೆ ತೌರಿಗೆ ಕಳಿಸುವ ಬದಲು ಚಲುವಮ್ಮ, “ಅಕ್ಕನ್ನೇ ಇಲ್ಲಿಗೆ ಕಳ್ಸಿ. ಅವಳ್ಗೇನು ಗಂಡನಾ ಮಕ್ಳಾ” ಎಂದು ಹೇಳಿಕಳಿಸಿದಳು. ಕಳಿಸಿಕೊಟ್ಟರು.

ಇದೆಲ್ಲ ಚನ್ನಬಸಮ್ಮನಿಗೆ ತಿಳಿದದ್ದು ಎಪ್ಪತ್ತಾರರಲ್ಲಿ. ಅಷ್ಟು ಹೊತ್ತಿಗೆ ನಾಡಿನಲ್ಲಿ ಎಲ್ಲೂ ಸಿಡುಬು ಇರಲಿಲ್ಲ. ಆದರೂ ಹುಡುಕಾಟ ನಿಂತಿರಲಿಲ್ಲ.

“ಈಗ ರೋಗ ಹುಡುಕೋದಲ್ಲ, ಮುಖ ಹುಡುಕೋದು,” ಎಂದು ಅನಂತಪದ್ಮನಾಭ ವಿವರಿಸಿದ. “ಮಕ್ಕಳ ಮುಖದಲ್ಲಿ ಹೊಸ ಕಲೆ ಇದೆಯಾ ಅಂತ ಮನೆಮನೆ ನೋಡಬೇಕು. ಇಲ್ಲ ಅಂತ ಖಾತ್ರಿಯಾದರೆ ನಮ್ಮ ದೇಶ ಗೆದ್ದ ಹಾಗೆ. ಯಾರ ಮನೇಲಿ ಕಲೆಯ ಮುಖ ಇದ್ದರೂ ವಿಚಾರಿಸಿ ಬನ್ನಿ.”

ಬೇರೆ ಕೆಲಸದಾಳುಗಳು ಅವಳನ್ನು ಕೆಣಕಿದರು. “ಚನ್ನಬಸಮ್ಮಾರು ಮೊದ್ಲು ತಮ್ಮನ್ನೇ ಬರ್ಕೊಳ್ಳಿ.” ಅವಳೂ ಬಿಡಲಿಲ್ಲ. “ನಿನ್ ಮೋರೆ ಬರ್ಕೊಳಕೆ ಯಾವ ರೋಗಾನೂ ಬೇಕಾಗಿಲ್ಲ ಕಣ್ಲಾ.”

ತಾಂಡವಪುರದಲ್ಲಿ ಚಲುವಮ್ಮನ ಮನೆ ಅವಳ ಪಾಲಿಗೆ ಬಂತು. ಯಾರ ಮನೆಯೆಂದು ತಿಳಿದೇ ಮೆಟ್ಟಿಲು ಹತ್ತಿದಳು.

“ನಮ್ಮನೇಲಿ ಅಂತೋರು ಯಾರೂ ಇಲ್ಲ,” ಎಂದಳು ಚಲುವಮ್ಮ. ಸುಳ್ಳು ಹೇಳುವವಳ ಅಳುಕು ಆ ಮುಖದಲ್ಲಿರಲಿಲ್ಲ. ಮನೆಯಲ್ಲಿರುವವರನ್ನು ಎಣಿಸುವಾಗ ಮಂಗಳಿ ಅವಳಿಗೆ ನಿಜವಾಗಿಯೂ ನೆನಪಾಗಿರಲಿಲ್ಲ.

ಚನ್ನಬಸಮ್ಮ ಹಿತ್ತಲಿಗೆ ನಡೆದಳು. ಒಗೆಯುವ ಕಲ್ಲಿನ ಮುಂದೆ, ಸೊಂಟದಲ್ಲಿ ಮಗು ಇಟ್ಟುಕೊಂಡು, ಒಂದೇ ಕೈಯಲ್ಲಿ ಬಟ್ಟೆ ಕುಕ್ಕುತ್ತಿದ್ದ ಮಂಗಳಿ ತಲೆಯೆತ್ತಿದಳು. ಇಪ್ಪತ್ತು ವರ್ಷದ ಹುಡುಗಿಯ ಕೈಗಳು ಚನ್ನಬಸಮ್ಮನ ಕೈಗಳ ಹಾಗೇ ಆಗಿದ್ದವು.

“ದಾಕಿನಕ್ಕ!” ಎಂದು ನಕ್ಕಳು. ಆಮೇಲೆ ಧ್ವನಿ ತಗ್ಗಿಸಿದಳು. “ಇವ್ರು ಊಟಕ್ಕೆ ಕೂತಾಗ ನಾನು ಈಚೆ ಬರಾಂಗಿಲ್ಲ ಅಕ್ಕ. ಬಾಗ್ಲ ಸಂದೀಲಿ ತಟ್ಟೆ ನೂಕ್ತೀನಿ. ಒಂದಿನ ಅವ್ರು, ತಂಗಿ ಗಂಡ, ಸಾರು ಚೆನ್ನಾಗದೆ, ಯಾರು ಮಾಡಿದ್ದು ಅಂದ್ರು. ನನ್ ತಂಗಿ, ನಾನೇ ಅಂದ್ಳು. ಪಾಪ, ಅವ್ಳೂ ಚಿಕ್ಕೋಳು.” ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿ, “ಅಕ್ಕ, ಅವತ್ತು ಅಂದಿದ್ರಲ್ಲ, ಕೆಲ್ಸ... ಇವಾಗ್ಲೂ ತಕ್ಕೊಂಡಾರಾ?”

ಚನ್ನಬಸಮ್ಮ ಅವಳ ಹತ್ತಿರಕ್ಕೆ ಸರಿದಳು. “ತಕ್ಕತಾರೆ ಕೂಸೇ. ಹುಡ್ಕಾಕೆ ಜನ ಸಾಲ್ದು ಅಂತಾ ಅವ್ರೆ. ಇವತ್ತೇ ಬಾ, ಇಂಗೇ ಬಾ.”

ಮಂಗಳಿ ಒದ್ದೆ ಸೀರೆಯನ್ನು ಹಿಂಡಿದಳು. ಹಿಂಡಿ ಹಿಂಡಿ ನೀರು ನಿಂತ ಮೇಲೂ ಹಿಂಡಿದಳು.

“ತಂಗಿ ಮತ್ತೆ ಬಸ್ರಿ. ಇದಕ್ಕೆ ಇನ್ನೂ ಹಲ್ಲೇ ಬಂದಿಲ್ಲ. ಈ ಒಂದು ಬಾಣಂತನ ಮುಗುಸ್ಕೊಟ್ಟು ಬಂದ್ಬುಡ್ತೀನಿ ಅಕ್ಕ. ಒಂದೇ ಒಂದು. ಬುಟ್ಟು ಬಂದ್ರೆ ಅವ್ಳು ಸತ್ತೋಯ್ತಾಳೆ ಇವ್ರ ಕೈಲಿ.”

ಹಿಡಿದು ಎಳೆಯಬೇಕೆನ್ನಿಸಿತು ಚನ್ನಬಸಮ್ಮನಿಗೆ. ಆದರೆ ಸೊಂಟದ ಮಗು ಮಂಗಳಿಯ ಕೆನ್ನೆಯ ಗುಳಿಗಳಲ್ಲಿ ಬೆರಳಿಟ್ಟು ಆಡುತ್ತಿತ್ತು. “ಜಾಗ ಇಟ್ಟಿರ್ತೀನಿ, ಬಾ,” ಎಂದಷ್ಟೇ ಹೇಳಿ ಬಂದಳು.

ಅಂದಿನಿಂದ ಕೋಣೆಯಲ್ಲಿ ಅವಳು ಮಂಗಳಿಗೆಂದು ಒಂದೊಂದೇ ಸಾಮಾನು ಹೊಂದಿಸಿದಳು. ಒಂದು ಚಾಪೆ ತಂದಳು. ಗೋಡೆಗೆ ಇನ್ನೊಂದು ಗೂಟ ಹೊಡೆದಳು, ಅವಳ ಸೀರೆ ನೇತು ಹಾಕಲು. ಅನಂತಪದ್ಮನಾಭನಿಗೆ ಹೇಳಿಟ್ಟಳು. ಅವನು, “ಧಾರಾಳವಾಗಿ ಬರಲಿ” ಎಂದ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದ.

ಎಪ್ಪತ್ತೇಳರ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ದೇಶದಲ್ಲಿ ಸಿಡುಬು ಇಲ್ಲವೆಂದು ಹೊರದೇಶದ ತಜ್ಞರೂ ಬಂದು ಒಪ್ಪಿದ್ದಾರೆ ಎಂದು ಅನಂತಪದ್ಮನಾಭ ಎದ್ದು ನಿಂತು ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನಬಸಮ್ಮನೂ ತಟ್ಟಿದಳು, ಅಂಗೈ ಉರಿಯುವಷ್ಟು. ಇನ್ನು ಯಾವ ಹುಡುಗಿಯ ಮುಖವೂ ಹೀಗಾಗುವುದಿಲ್ಲ ಎಂಬುದು ಅವಳಿಗೆ ಸಣ್ಣ ಸುದ್ದಿಯಾಗಿರಲಿಲ್ಲ.

ಸಿಹಿ ತಿಂದು ಕೈ ತೊಳೆದ ಮೇಲೆ ಅವನು ಹೇಳಿದ. ತಾತ್ಕಾಲಿಕದವರು ಈ ತಿಂಗಳ ಕೊನೆಗೆ ನಿಲ್ಲಬೇಕು. ಗಂಡಾಳುಗಳಲ್ಲಿ ಕೆಲವರನ್ನು ಮಲೇರಿಯಾ ಔಷಧ ಹೊಡೆಯುವ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ.

“ನಾನು ಸಾ?”

“ಪಂಪು ಹೊರಬೇಕು ಚನ್ನಬಸಮ್ಮ. ಹೆಂಗಸರ ಕೈಲಿ ಆಗಲ್ಲ ಅಂತಾರೆ ಮೇಲಿನವರು.”

ಅವಳು ಬಿಂದಿಗೆಯ ಮೇಲೆ ಬಿಂದಿಗೆ ಹೊತ್ತ ತಲೆ ಆಡಿಸಿದಳು. “ಇನ್ನೊಂದು ಹುಡ್ಗಿ ಬತ್ತಾಳೆ ಅಂದಿದ್ನಲ್ಲ ಸಾ.”

ಅನಂತಪದ್ಮನಾಭ ಛತ್ರಿಯ ಹಿಡಿಯನ್ನು ತಿರುಗಿಸುತ್ತ ನಿಂತ.

ಆ ತಿಂಗಳು ಮುಗಿಯುವ ಮೊದಲೇ ಮಂಗಳಿ ಬಂದಳು. ಎರಡನೆಯ ಬಾಣಂತನ ಮುಗಿಸಿ, ತಂಗಿ ಎದ್ದು ಓಡಾಡುವಂತಾದ ಮೇಲೆ, ಹೊಲಕ್ಕೆ ಬುತ್ತಿ ಒಯ್ಯುವ ನೆವದಲ್ಲಿ ಹೊರಟು, ಬುತ್ತಿಯನ್ನು ಹೊಲದಲ್ಲಿಟ್ಟು, ರಸ್ತೆಗೆ ಬಂದು ಬಸ್ಸು ಹತ್ತಿದ್ದಳು. ಬುತ್ತಿ ಕೊಟ್ಟೇ ಬಂದಳು. ಅದನ್ನು ಹೇಳುವಾಗ ಅವಳಿಗೇ ನಗು. “ಬಸ್ಸಲ್ಲಿ ಕಿಟ್ಕಿ ಪಕ್ಕ ಕೂತಿದ್ದೆ ಅಕ್ಕ. ಯಾರೂ ಏಳು ಅನ್ನಲಿಲ್ಲ.”

ಚನ್ನಬಸಮ್ಮ ಆ ಸಂಜೆ ಒಲೆ ಹಚ್ಚಿದಳು. ಎರಡು ಮುದ್ದೆ ಕಟ್ಟಿದಳು. ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕಿದಳು. ಮಂಗಳಿ ಗೋಡೆಗೊರಗಿ, ಕಾಲು ಚಾಚಿ, ಬಿಸಿಬಿಸಿಯಾಗಿ ಉಂಡಳು. ಉಂಡ ತಟ್ಟೆ ಎತ್ತಲು ಹೋದಾಗ ಚನ್ನಬಸಮ್ಮ, “ಇರ್ಲಿ ಕೂತ್ಕೋ” ಎಂದು ಅದನ್ನು ಕಸಿದುಕೊಂಡಳು. ತಟ್ಟೆ ತೊಳೆಯುತ್ತ ಬಚ್ಚಲಲ್ಲಿ ಬಹಳ ಹೊತ್ತು ನಿಂತಳು.

ರೋಗ ಹೋಯಿತು, ಕೆಲಸವೂ ನಿಂತಿತು ಎಂದು ಬೆಳಿಗ್ಗೆ ಹೇಳಿದಳು. ಮಂಗಳಿ ಕೇಳಿದಳು. “ಎಲ್ಲಾ ಕಡೇನೂ ಓಯ್ತಾ?”

“ಎಲ್ಲಾ ಕಡೇನೂ.”

“ಒಳ್ಳೇದೇ ಅಲ್ವಾ ಅಕ್ಕ,” ಎಂದಳು.

ಇಬ್ಬರೂ ಕೆಲಸ ಹುಡುಕಿಕೊಂಡು ಹೊರಟರು. ಪೇಟೆಯ ಒಂದು ಖಾಸಗಿ ಹೆರಿಗೆಮನೆಯಲ್ಲಿ ಆಯಾ ಬೇಕೆಂದು ಕೇಳಿ ಅಲ್ಲಿಗೆ ಹೋದರು. ಅಲ್ಲಿಯ ಯಜಮಾನಿ ಒಳ್ಳೆಯ ಮಾತಿನವಳು. ಬಾಗಿಲಾಚೆಗೆ ಕರೆದು, “ನೋಡ್ರಮ್ಮ, ನನಗೇನೂ ಇಲ್ಲ. ಬಸುರಿ ಹೆಂಗಸರು ಬೆಳಿಗ್ಗೆ ಎದ್ದು ನಿಮ್ಮ ಮುಖ ನೋಡಬೇಕಲ್ಲ. ಅವರ ಮನೆಯವರು ಒಪ್ಪಲ್ಲ” ಎಂದಳು. ಮಂಗಳಿ ತಂಗಿಯ ಎರಡು ಹೆರಿಗೆಯನ್ನೂ ಬಾಣಂತನವನ್ನೂ ಮಾಡಿ ಬಂದವಳು. ಪುಕ್ಕಟೆ ಬಾಣಂತನಕ್ಕೆ ಅಡ್ಡ ಬಾರದ ಮುಖ ಸಂಬಳದ ಬಾಣಂತನಕ್ಕೆ ಅಡ್ಡ ಬಂತು. ಒಂದು ಹೋಟೆಲಿನಲ್ಲಿ ರುಬ್ಬುವ ಕೆಲಸಕ್ಕೆ ಕೇಳಿದರು. ಊಟ ಹಾಕುತ್ತೇನೆ, ಸಂಬಳ ಆಮೇಲೆ ನೋಡೋಣ, ಮುಂದಿನ ಕಡೆ ಬರಬಾರದು ಎಂದ ಮಾಲೀಕ. “ಅಷ್ಟಕ್ಕೆ ನಮ್ಮನೇನೇ ಆದೀತು ಬುಡಪ್ಪ,” ಎಂದು ಚನ್ನಬಸಮ್ಮ ಹೊರಬಂದಳು.

ಬೆಟ್ಟಸ್ವಾಮಿ ಹುಡುಕಿಕೊಂಡು ಬಂದದ್ದು ಕೋಣೆ ಬಿಡುವ ದಿನ ಹತ್ತಿರವಾದಾಗ. ಕೆಟ್ಟವನಲ್ಲ. ಬೈಯಲಿಲ್ಲ. ಹೊಸ್ತಿಲಾಚೆ ನಿಂತು, ಮಂಗಳಿಯ ಮುಖ ನೋಡದೆ, ಗೋಡೆಯ ಗೂಟ ನೋಡಿಕೊಂಡು ಹೇಳಿದ. “ಮಗ ರಚ್ಚೆ ಹಿಡಿದವ್ನೆ. ದೊಡ್ಡವ್ವ ಬೇಕು ಅಂತ ಉಣ್ತಿಲ್ಲ. ಅವ್ವಂಗೂ ಕೈಲಾಗಾಕಿಲ್ಲ. ಬಾ.”

ಮಂಗಳಿ ಚನ್ನಬಸಮ್ಮನ ಕಡೆ ತಿರುಗಿದಳು. “ನೀವೇನಂತೀರಿ ಅಕ್ಕ?”

ಇರು ಎನ್ನಬೇಕಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಇರು ಎಂದವಳು ಎಲ್ಲಿರಿಸಿಕೊಳ್ಳಬೇಕು? ಹಿಂದಿನ ದಿನವಷ್ಟೇ ಶಿವಮಲ್ಲಪ್ಪ ಹೇಳಿಕಳಿಸಿದ್ದ, ಹೆಂಡತಿಗೆ ಸೊಂಟನೋವು, ಮನೆಯಲ್ಲಿ ಕೈಯಿಲ್ಲ, ಕೆಲಸ ಹೇಗೂ ಮುಗಿಯಿತಲ್ಲ, ಬಂದುಬಿಡು ಎಂದು. ಅವಳು ದೇವನೂರಿಗೆ ಹೋದರೆ ಅವಳ ಜೊತೆ ಇನ್ನೊಂದು ಬಾಯಿಯನ್ನು ಅವನು ಒಳಗೆ ಬಿಡುವುದಿಲ್ಲ.

“ಓಗು ಕೂಸೇ,” ಎಂದಳು.

ಮಂಗಳಿ ಗೂಟದಿಂದ ಸೀರೆ ತೆಗೆದಳು. ಅಷ್ಟು ದಿನ ಮಲಗಿದ ಚಾಪೆಯನ್ನು ಸುತ್ತಿ ಮೂಲೆಗಿಟ್ಟಳು. ನೆಲ ಗುಡಿಸಿದಳು. ಹೊರ ಬರುವಾಗ ಚನ್ನಬಸಮ್ಮ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಈ ಕೆನ್ನೆಯ ಒಂದೊಂದು ಗುಳಿಯೂ ಹಕ್ಕಳೆಯಾಗಿದ್ದಾಗಿನಿಂದ ಅವಳ ಬೆರಳಿಗೆ ಗೊತ್ತು. ಬೆಟ್ಟಸ್ವಾಮಿ ಮುಂದೆ ನಡೆದ. ಮಂಗಳಿ ನಾಲ್ಕು ಮಾರು ಹಿಂದೆ ನಡೆದಳು.

ಎಂಬತ್ತರಲ್ಲಿ ಲೋಕದಲ್ಲೇ ಸಿಡುಬು ಇಲ್ಲವೆಂದು ರೇಡಿಯೋದಲ್ಲಿ ಹೇಳಿದರು. ದೇವನೂರಿನಲ್ಲಿ ಚನ್ನಬಸಮ್ಮ ಕೊಟ್ಟಿಗೆ ಬಾಚುತ್ತಿದ್ದಳು. ತಮ್ಮನ ಮಗಳು ಬಂದು, “ಅತ್ತೆ, ನೀವು ಓಡುಸ್ತಿದ್ರಲ್ಲ ಆ ಕಾಯ್ಲೆ, ಪ್ರಪಂಚದಲ್ಲೇ ಇಲ್ವಂತೆ” ಎಂದಳು. “ಆಯ್ತಲ್ಲ,” ಎಂದು ಚನ್ನಬಸಮ್ಮ ಸಗಣಿ ಬುಟ್ಟಿ ತಲೆಗೆತ್ತಿಕೊಂಡಳು.

ಮರುವರ್ಷ ತಾಂಡವಪುರದಲ್ಲಿ ಚಲುವಮ್ಮ ತೀರಿಕೊಂಡಳು. ದೂರದ ನಂಟಿತ್ತು. ಶಿವಗಣಾರಾಧನೆಯ ದಿನ ಶಿವಮಲ್ಲಪ್ಪ ಅಕ್ಕನನ್ನೂ ಕರೆದುಕೊಂಡು ಹೋದ, ಅಡುಗೆಗೆ ಕೈಯಾಗುತ್ತಾಳೆಂದು. ಹಿತ್ತಲಲ್ಲಿ ಕಲ್ಲಿನ ಒಲೆಗಳ ಮುಂದೆ ಮಂಗಳಿ ಅನ್ನ ಬಸಿಯುತ್ತಿದ್ದಳು. ಹೊಗೆಯಲ್ಲಿ ಇಬ್ಬರೂ ಗುರುತು ಹಿಡಿದರು. ಅಪ್ಪಿಕೊಳ್ಳಲು ಕೈ ಬಿಡುವಿರಲಿಲ್ಲ. ಚನ್ನಬಸಮ್ಮ ಪಕ್ಕದ ಒಲೆಗೆ ಕೂತು ಸೌದೆ ನೂಕಿದಳು.

ಮಂಗಳಿ ಮೂವತ್ತು ಆಗುವ ಮೊದಲೇ ಬಾಗಿದ್ದಳು. ತಂಗಿಗೆ ನಾಲ್ಕನೆಯದು ಹುಟ್ಟಿತ್ತು. ಮಕ್ಕಳ ಸುದ್ದಿ ಹೇಳಿದಳು, ಎಮ್ಮೆಯ ಸುದ್ದಿ ಹೇಳಿದಳು. ಆಮೇಲೆ ಸೌಟು ಹಿಡಿದುಕೊಂಡೇ, ಬೆಂಕಿ ನೋಡುತ್ತ ಕೇಳಿದಳು.

“ದಾಕಿನಕ್ಕ, ಅದು ಮತ್ತೆ ಬರಾಕಿಲ್ವಾ?”

ಯಾವುದು ಎಂದು ಚನ್ನಬಸಮ್ಮ ಕೇಳಲಿಲ್ಲ. ಬಾಳೆಯೆಲೆಯ ಮೇಲೆ ಚರ್ಮ ಬಿಟ್ಟು ಎದ್ದ ಹುಡುಗಿ ಕೇಳುವ ಮಾತೇ ಇದು? ಗದರಿಸಲು ಬಾಯಿ ತೆರೆದಳು. ಆದರೆ ಕೊಟ್ಟಿಗೆಯಲ್ಲಿ ಬುಟ್ಟಿ ಎತ್ತಿಕೊಂಡ ಆ ಹೊತ್ತು ತನ್ನೊಳಗೂ ಇದೇ ಮಾತು, ಆ ಬಸ್ಸು ಆ ಕೋಣೆಯ ನೆನಪಿನ ಜೊತೆ, ಹಾದುಹೋಗಿತ್ತು. ಗದರಿಸಲು ಆಗಲಿಲ್ಲ.

“ಇಲ್ಲ ಕೂಸೇ. ಬರಾಕಿಲ್ಲ.”

“ಸುಮ್ಕೆ ಕೇಳ್ದೆ,” ಎಂದಳು ಮಂಗಳಿ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಇತ್ತು.

“ಮಂಗಳೀ, ಎರಡ್ನೇ ಪಂಕ್ತಿ ಕೂತ್ಕತು, ಅನ್ನ ತಾ!” ಎಂದು ಒಳಗಿನಿಂದ ಯಾರೋ ಕೂಗಿದರು.

ಅವಳು ಕೊಳಗದ ಒಂದು ಕಿವಿಗೆ ಬಟ್ಟೆ ಸುತ್ತಿ ಹಿಡಿದಳು. ಚನ್ನಬಸಮ್ಮ ಇನ್ನೊಂದನ್ನು ಹಿಡಿದಳು. ಇಬ್ಬರೂ ಎತ್ತಿ, ಮೆಟ್ಟಿಲು ಹತ್ತಿ, ನಡುಮನೆಯ ಬಾಗಿಲವರೆಗೆ ತಂದು ಹೊಸ್ತಿಲ ಈಚೆಗೇ ಇಳಿಸಿದರು. ಅಲ್ಲಿಂದಾಚೆಗೆ, ಉಣ್ಣುವವರ ಮುಂದೆ, ಬಡಿಸುವವರು ಬೇರೆ ಇದ್ದರು.